ಗೋಬರ್ ಗ್ಯಾಸ್ ಸತ್ತಿಲ್ಲ ಕಣ್ರಪ್ಪ, ಸೋರ್ತಾ ಐತೆ

ಈ ಸಲ ತೆಂಗಿನ ನುಸಿ, ಅಡಿಕೆ ರೇಟು ಯಾವುದೂ ಬರೆಯಲ್ಲ. ಸ್ವಲ್ಪ ಸಿಟ್ಟಲ್ಲೇ ಬರೀತಾ ಇದೀನಿ, ಉದ್ದಾನೂ ಆಗುತ್ತೆ. ಪುರುಸೊತ್ತು ಮಾಡ್ಕಂಡು ಓದಿ.

ಹೋದ ವಾರ ನಿಟ್ಟೂರು ಕಡೆಯಿಂದ ಗುಬ್ಬಿಗೆ ಬರ್ತಾ ಇದ್ದೆ. ರಸ್ತೆ ಪಕ್ಕದ ಒಂದು ತೋಟದ ಮನೆ ಹಿತ್ತಲಲ್ಲಿ ಟ್ರ್ಯಾಕ್ಟರ್ ಟ್ರೈಲರ್ ಎತ್ತಿ ಮಣ್ಣು ಸುರೀತಾ ಇದ್ರು. ಗುರುತಿನವರೇ, ಗಾಡಿ ನಿಲ್ಲಿಸಿದೆ. ನೋಡಿದ್ರೆ ಗೋಬರ್ ಗ್ಯಾಸ್ ಗುಂಡಿ ಮುಚ್ತಾ ಇದಾರೆ. ಯಾಕಣ್ಣ ಅಂದೆ. "ಗ್ಯಾಸೇ ಬರಲ್ಲ ಮಾರಾಯ, ಸುಮ್ನೆ ಜಾಗ ದಂಡ, ಇಲ್ಲಿ ಕಾರ್ ನಿಲ್ಲಿಸಾಕೆ ಶೀಟ್ ಹಾಕುಸ್ತೀನಿ" ಅಂದ್ರು. ಸೋಪಿನ ನೀರು ಹಚ್ಚಿ ನೋಡಿದ್ರಾ ಅಂತ ಕೇಳಿದೆ. ನಾನೇನೋ ಮಂತ್ರ ಹೇಳಿದೆ ಅನ್ನೋ ಥರ ಮುಖ ನೋಡಿ ನಕ್ಕುಬಿಟ್ರು. ಈ ವರ್ಷ ನನ್ನ ಕಣ್ಣೆದುರಿಗೇ ಮುಚ್ಚಿದ ಗುಂಡಿ ಇದು ಮೂರನೇದು.

ನಾನು ಹೇಳೋದು ಒಂದೇ ಮಾತು. ನಮ್ಮ ಕಡೆ "ಕೆಟ್ಟೋಯ್ತು" ಅಂತ ಮುಚ್ಚಿದ ಗುಂಡಿಗಳಲ್ಲಿ ಬಹಳಷ್ಟು ಕೆಟ್ಟಿರಲಿಲ್ಲ. ಗ್ಯಾಸ್ ಹುಟ್ತಾನೇ ಇತ್ತು, ಒಲೆಗೆ ಬರೋ ದಾರೀಲಿ ಸೋರಿ ಹೋಗ್ತಿತ್ತು. ಎಲ್ಲಿ ಸೋರ್ತು ಅಂತ ಯಾರೂ ಹುಡುಕಲಿಲ್ಲ, ಅಷ್ಟೇ.

ಯೋಚನೆ ಮಾಡಿ. ಡ್ರಿಪ್ ಪೈಪಲ್ಲಿ ಅಳಿಲು ಕಚ್ಚಿ ಒಂದು ತೂತು ಮಾಡಿದ್ರೆ ರಾತ್ರಿ ಹನ್ನೊಂದಕ್ಕೆ ತ್ರೀ ಫೇಸ್ ಬಂದಾಗ ಟಾರ್ಚ್ ಹಿಡ್ಕಂಡು ಹೋಗಿ ಜಾಯಿನರ್ ಹಾಕ್ತೀವಿ. ಹಾಲಿನ ಕ್ಯಾನು ತಳದಲ್ಲಿ ಒಂದು ತೊಟ್ಟು ಜಿನುಗಿದ್ರೆ ಅವತ್ತೇ ಬದಲಾಯಿಸ್ತೀವಿ. ಹೇಮಾವತಿ ನೀರಿನ ವಿಷಯಕ್ಕೆ ಗುಬ್ಬಿಯವರೂ ಕುಣಿಗಲ್ಲವರೂ ಹೆಂಗೆ ರಸ್ತೆಗಿಳೀತೀವಿ ಅಂತ ಎಲ್ಲಾರಿಗೂ ಗೊತ್ತು. ಅದೇ ಗ್ಯಾಸು ಸೋರಿದ್ರೆ? ಕಣ್ಣಿಗೆ ಕಾಣಲ್ಲ, ನೆಲ ಒದ್ದೆ ಆಗಲ್ಲ. ಅದಕ್ಕೇ ಹಸು ಮೇಲೆ, ಸಗಣಿ ಮೇಲೆ, ಚಳಿ ಮೇಲೆ ತಪ್ಪು ಹಾಕಿ ಕೈ ತೊಳ್ಕಂತೀವಿ.

ಬೇರೆಯವರಿಗೆ ಬುದ್ಧಿ ಹೇಳೋಕೆ ಮುಂಚೆ ನನ್ನ ಕಥೆ ಹೇಳಿಬಿಡ್ತೀನಿ. ಇದರಲ್ಲಿ ದೊಡ್ಡ ದಡ್ಡ ನಾನೇ.

ನಮ್ಮನೇದು 2 ಘನ ಮೀಟರ್ ದೀನಬಂಧು ಮಾದರಿ, 2012ರಲ್ಲಿ ಕಟ್ಟಿಸಿದ್ದು. ಇಟ್ಟಿಗೆ ಗುಮ್ಮಟ ನೆಲದೊಳಗೇ ಇರುತ್ತಲ್ಲ, ಅದು. ಮೊದಲ ನಾಲ್ಕು ವರ್ಷ ರಾಜನ ಥರ ಉರೀತು. ಬೆಳಿಗ್ಗೆ ಕಾಫಿ, ತಿಂಡಿ, ಮಧ್ಯಾಹ್ನ ಮುದ್ದೆ, ಸಾರು, ಎಲ್ಲಾ ಅದರಲ್ಲೇ. ಆಮೇಲೆ ಉರಿ ಸಣ್ಣ ಆಗ್ತಾ ಬಂತು. ಮುದ್ದೆ ಹೆಸರು ಬರೋಷ್ಟರಲ್ಲಿ ಆರಿ ಹೋಗೋದು. ಕಟ್ಟಿದ ಮೇಸ್ತ್ರಿಗೆ ಫೋನ್ ಮಾಡಿದೆ, "ಸಗಣಿ ಜಾಸ್ತಿ ಹಾಕಿ" ಅಂದ. ಹಾಕಿದೆ. ಇನ್ನೊಬ್ಬರು "ಜರ್ಸಿ ಸಗಣೀಲಿ ಶಕ್ತಿ ಇಲ್ಲ, ಹಳ್ಳಿಕಾರ್ ಸಗಣಿ ಹಾಕು" ಅಂದ್ರು. ಸಿದ್ಧಗಂಗೆ ಜಾತ್ರೇಲಿ ಒಂದು ಜೊತೆ ಹಳ್ಳಿಕಾರ್ ಹೋರಿ ಹಿಡ್ಕಂಡು ಬಂದೆ, ಉಳುಮೆಗೂ ಆಯ್ತು ಗ್ಯಾಸಿಗೂ ಆಯ್ತು ಅಂತ. ಒಂದು ಚೂರೂ ಬದಲಾಗಲಿಲ್ಲ. ಕೊನೆಗೆ ಸಿಲಿಂಡರ್ ತಗೊಂಡು ಒಲೆ ಪಕ್ಕ ಇಟ್ವಿ. ಗೋಬರ್ ಗ್ಯಾಸು ಕಾಫಿ ಕಾಯಿಸೋಕೆ, ಹಸು ಬೂಸ ಬೇಯಿಸೋಕೆ ಅಂತ ಆಯ್ತು.

ಈಗ ಹೇಳೋದು ನಾಚಿಕೆ ವಿಷಯ. 2021ರಲ್ಲಿ ನಮ್ಮವ್ವ ಎರಡು ತಿಂಗಳಿಂದ ಹೇಳ್ತಾನೇ ಇದ್ಲು, "ಬೆಳಗಾಗೆದ್ದು ಅಡಿಗೆ ಮನೆ ಬಾಗ್ಲು ತಗುದ್ರೆ ಕೊಳೆತ ಮೊಟ್ಟೆ ನಾತ ಹೊಡೀತೈತೆ ಕಣೋ." ನಾನೇನಂದೆ ಗೊತ್ತಾ? "ಸಗಣಿ ಗ್ಯಾಸು ಸಗಣಿ ನಾತ ಹೊಡೀದೆ ಮಲ್ಲಿಗೆ ನಾತ ಹೊಡಿಯತ್ತಾ ಅವ್ವಾ" ಅಂತ ತಮಾಷೆ ಮಾಡಿದೆ. ಒಂದು ದಿನ ಬೆಳಿಗ್ಗೆ ಐದೂವರೆ, ನಾನು ಹಾಲು ಕರೀತಾ ಇದೀನಿ, ಒಳಗಡೆಯಿಂದ ಭುಸ್ ಅಂತ ಒಂದು ಸದ್ದು, ಹಿಂದೇನೇ ಅವ್ವ ಕೂಗಿದ್ದು. ಓಡಿ ಹೋದೆ. ಬೆಂಕಿ ಕಡ್ಡಿ ಗೀರಿದ ತಕ್ಷಣ ಗಾಳಿಗೇ ಹತ್ಕಂಡಿದೆ. ಮುಂಗೂದಲು, ಹುಬ್ಬು ಸುಟ್ಟು ಮೊಣಕೈವರೆಗೂ ಬೊಬ್ಬೆ. ಸೆರಗಿಗೆ ಹತ್ತಲಿಲ್ಲ, ಅದು ನಮ್ಮ ಪುಣ್ಯ. ಹದಿನೈದು ದಿನ ಡ್ರೆಸಿಂಗ್ ಮಾಡಿಸಿದ್ವಿ. ಗುರುತು ಇವತ್ತಿಗೂ ಇದೆ.

ಆಗಿದ್ದು ಏನು ಅಂದ್ರೆ, ಒಲೆ ತಿರುಗಣೆ ಸವೆದಿತ್ತು. ರಾತ್ರಿಯೆಲ್ಲ ಅದರಿಂದ ಗ್ಯಾಸು ಜಿನುಗಿ ಬಾಗ್ಲು, ಕಿಟಕಿ ಮುಚ್ಚಿದ ಅಡಿಗೆ ಮನೇಲಿ ತುಂಬ್ಕಂಡಿತ್ತು. ಗೋಬರ್ ಗ್ಯಾಸಲ್ಲಿ ಅರ್ಧಕ್ಕಿಂತ ಜಾಸ್ತಿ ಮೀಥೇನ್, ಉಳಿದದ್ದು ಹೆಚ್ಚು ಕಮ್ಮಿ ಇಂಗಾಲದ ಡೈಆಕ್ಸೈಡ್, ಜೊತೆಗೆ ಚೂರು ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆ ನಾತ ಈ ಕೊನೇದರದ್ದು. ಗಾಳೀಲಿ ಮೀಥೇನ್ ನೂರಕ್ಕೆ 5 ಭಾಗದಿಂದ 15 ಭಾಗ ಇದ್ರೆ ಕಿಡಿ ಸಾಕು. ಅವ್ವನ ಮೂಗು ಎರಡು ತಿಂಗಳು ಸರಿಯಾಗೇ ಹೇಳಿತ್ತು, ನನ್ನ ಕಿವಿ ಸರಿ ಇರಲಿಲ್ಲ.

ಆಮೇಲೆ ಹುಡುಕಿದೆ. ಒಂದಲ್ಲ, ನಾಲ್ಕು ಕಡೆ ಸೋರಿಕೆ ಸಿಕ್ತು. ಒಂದು ಒಲೆ ತಿರುಗಣೆ. ಎರಡನೇದು ಗುಮ್ಮಟದ ಮೇಲಿನ ಗೇಟ್ ವಾಲ್ವಿನ ಕಡ್ಡಿ ಪಕ್ಕ. ಮೂರನೇದು ತೆಂಗಿನ ಸಾಲಿನ ಕೆಳಗೆ ಹೋಗೋ ಪೈಪು, ಡ್ರಿಪ್ ಮೇನ್ ಲೈನ್ ಹೂಳೋವಾಗ ಗುದ್ದಲಿ ತಾಗಿ ಸೀಳಿತ್ತು. ಗುದ್ದಲಿ ಹಾಕಿದ್ದು ಬೇರೆ ಯಾರೂ ಅಲ್ಲ, ನಾನೇ. ನಾಲ್ಕನೇದು ಗುಮ್ಮಟದ ಕತ್ತಿನಲ್ಲಿ ಕೂದಲೆಳೆ ಬಿರುಕು. ಎಲ್ಲಾ ಸರಿ ಮಾಡೋಕೆ ಮಂಡಿಪೇಟೇಲಿ ಸಾಮಾನು ತಂದಿದ್ದು ಸೇರಿ ಖರ್ಚಾಗಿದ್ದು 1,140 ರೂಪಾಯಿ.

ಈಗ ಲೆಕ್ಕ ನೋಡಿ, ಹೊಟ್ಟೆ ಉರಿಯುತ್ತೆ. ಒಂದು ಕಿಲೋ ಸಗಣಿಗೆ ಸುಮಾರು 36 ರಿಂದ 40 ಲೀಟರ್ ಗ್ಯಾಸು. ನಮ್ಮದು ದಿನಕ್ಕೆ 45 ಕಿಲೋ ಸಗಣಿ, ಅಂದ್ರೆ 1,600 ಲೀಟರ್ ಆಸುಪಾಸು. ಒಂದು ಬರ್ನರ್ ಗಂಟೆಗೆ ಸುಮಾರು 450 ಲೀಟರ್ ತಿನ್ನುತ್ತೆ. ಹಂಗಾದ್ರೆ ಮೂರೂವರೆ ಗಂಟೆ ಉರೀಬೇಕು. ಉರೀತಾ ಇದ್ದದ್ದು ಒಂದೂಕಾಲು ಗಂಟೆ. ಸೋರಿಕೆ ಕಟ್ಟಿದ ಮೇಲೆ ಸರಿಯಾಗಿ ಮೂರೂವರೆ ಗಂಟೆ ಉರೀತು, ಅದೇ ಹಸು, ಅದೇ ಸಗಣಿ. ಅಂದ್ರೆ ದಿನಕ್ಕೆ 1,000 ಲೀಟರ್, ಒಂದು ಘನ ಮೀಟರ್, ಗಾಳಿಗೆ. ಒಂದು ಘನ ಮೀಟರ್ ಗೋಬರ್ ಗ್ಯಾಸು ಸುಮಾರು 0.45 ಕಿಲೋ ಎಲ್‌ಪಿಜಿಗೆ ಸಮ. ತಿಂಗಳಿಗೆ 13.5 ಕಿಲೋ. ಮನೆ ಸಿಲಿಂಡರಲ್ಲಿ ಇರೋದು 14.2 ಕಿಲೋ. ಹತ್ತಿರ ಹತ್ತಿರ ತಿಂಗಳಿಗೊಂದು ಸಿಲಿಂಡರ್ ಆಕಾಶಕ್ಕೆ ಬಿಟ್ಟು, ಇನ್ನೊಂದು ಸಿಲಿಂಡರನ್ನ ದುಡ್ಡು ಕೊಟ್ಟು ತರ್ತಾ ಇದ್ದೆ. ಐದು ವರ್ಷವೂ ಇಷ್ಟೇ ಸೋರ್ತು ಅನ್ನಲ್ಲ, ಅರ್ಧ ಅಂತಿಟ್ಕಳಿ, ಆಗಲೂ 30 ಸಿಲಿಂಡರ್. ಇಷ್ಟು ಸಾಲದು ಅಂತ, ಉರೀದೆ ಹಂಗೇ ಮೇಲೆ ಹೋದ ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಭೂಮಿ ಕಾಯಿಸುತ್ತೆ. ಮಳೆ ಕೈ ಕೊಡ್ತು ಅಂತ ಅಳೋ ನಾವೇ ಹಿತ್ತಲಲ್ಲಿ ಇದನ್ನ ಮಾಡ್ತಾ ಕೂತಿದೀವಿ.

ಇದನ್ನ ಹೇಳಿದಾಗೆಲ್ಲ ಮೂರು ಮಾತು ಎದುರು ಬರ್ತವೆ. ಒಂದೊಂದಾಗಿ ನೋಡಣ.

ಮೊದಲನೇದು, "ಸಗಣಿ ಸಾಲಲ್ಲ." ಇದನ್ನ ನಾನು ಸುಳ್ಳು ಅನ್ನಲ್ಲ. ಇದಕ್ಕೆ ನಮ್ಮ ಜಿಲ್ಲೇಲೇ ದೊಡ್ಡ ಸಾಕ್ಷಿ ಇದೆ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ "ಅಸ್ತ್ರ" ಅನ್ನೋ ವಿಭಾಗದ ಕೇಂದ್ರ ಇತ್ತು. ಹೊಗೆ ಇಲ್ಲದ ಅಸ್ತ್ರ ಒಲೆ ನೆನಪಿದೆಯಲ್ಲ, ಅದೇ ಅಸ್ತ್ರ. ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಶುರು ಮಾಡಿದ್ದು. ಅವರು ಉಂಗ್ರದ ಹತ್ತಿರದ ಪುರ ಅನ್ನೋ ಹಳ್ಳೀಲಿ ಇಡೀ ಊರಿಗೆ ಸೇರಿ ಒಂದು ಗೋಬರ್ ಗ್ಯಾಸ್ ಮಾಡಿದ್ರು. ಮೊದಲು ಎಲ್ಲಾ ಮನೆಗೂ ಅಡಿಗೆಗೆ ಕೊಡಣ ಅಂತ ನೋಡಿದ್ರು, ಊರಿನ ಸಗಣಿ ಅಷ್ಟಕ್ಕೆ ಸಾಲಲಿಲ್ಲ. ಅವರು ಗುಂಡಿಗೆ ಮಣ್ಣು ಸುರೀಲಿಲ್ಲ. ಲೆಕ್ಕ ತಿರುಗಿಸಿ ಹಾಕಿದ್ರು. 1987ರಲ್ಲಿ ಅದೇ ಗ್ಯಾಸನ್ನ ಡೀಸೆಲ್ ಎಂಜಿನ್‌ಗೆ ಬೆರೆಸಿ ಓಡಿಸಿ ಊರಿಗೆ ಕರೆಂಟು, ಕೊಳವೆ ಬಾವಿ ನೀರು ಕೊಟ್ರು. ಸಗಣಿ ತಂದವರಿಗೆ ಕಿಲೋಗೆ 2 ಪೈಸೆ ಕೊಟ್ಟು, ಗ್ಯಾಸ್ ತೆಗೆದ ಬಗ್ಗಡಾನೂ ವಾಪಸ್ ಕೊಡ್ತಿದ್ರು. ಸಗಣಿ ಎಷ್ಟು ಬಂತು, ಗ್ಯಾಸ್ ಎಷ್ಟು ಹುಟ್ತು, ಎಲ್ಲಾ ಅಳೆದು ಬರೆದಿಟ್ಟಿದ್ರು. ಅದಕ್ಕೇ ಸಾಲಲ್ಲ ಅನ್ನೋದು ಅವರಿಗೆ ಗೊತ್ತಾಗಿದ್ದು. ನಾವು ಅಳೀದೇನೇ ಸಾಲಲ್ಲ ಅಂತೀವಲ್ಲ, ಅದು ನನ್ನ ತಕರಾರು. ಒಂದು ವಾರ ಮಂಕರಿ ತೂಕ ಹಾಕಿ, ಒಲೆ ಉರಿದ ಹೊತ್ತು ಬರೆದಿಡಿ. ಮೇಲಿನ ಲೆಕ್ಕಕ್ಕೆ ಹೊಂದಿದ್ರೆ ನಿಜವಾಗ್ಲೂ ಸಗಣಿ ಸಾಲ್ತಿಲ್ಲ, ಹಸು ಕಮ್ಮಿ ಇದಾವೆ, ಗುಂಡಿ ತಪ್ಪಲ್ಲ. ಅರ್ಧಾನೂ ಬರ್ತಿಲ್ಲ ಅಂದ್ರೆ ಸೋರಿಕೆ ಹುಡುಕಿ.

ಎರಡನೇದು, "ಸಿಲಿಂಡರ್ ಇದೆಯಲ್ಲ, ಈ ಗಲೀಜು ಯಾಕೆ." 2016ರಲ್ಲಿ ಉಜ್ವಲ ಬಂದ ಮೇಲೆ ಬಡವರ ಮನೆಗೂ ಸಿಲಿಂಡರ್ ಬಂತು, ಒಳ್ಳೇದೇ ಆಯ್ತು, ಹೊಗೆ ಕುಡಿಯೋದು ತಪ್ತು. ಆದ್ರೆ ಹಸು ಕಟ್ಟಿರೋ ಮನೆಯವರು, ಗುಂಡಿ ಆಗ್ಲೇ ಇರೋರು, ತುಂಬಿಸೋ ದುಡ್ಡು ಪ್ರತಿ ಸಲ ಯಾಕೆ ಕೊಡಬೇಕು? ಸಗಣಿ ಹೆಂಗೂ ಬಾಚಲೇಬೇಕು. ತಿಪ್ಪೆಗೆ ಹಾಕೋ ಬದಲು ಗುಂಡಿಗೆ ಹಾಕಿದ್ರೆ ಗ್ಯಾಸೂ ಬಂತು, ತೆಂಗಿನ ಬುಡಕ್ಕೆ ಬಗ್ಗಡಾನೂ ಬಂತು.

ಮೂರನೇದು, "ಕಟ್ಟಿದವನು ಸರಿಯಾಗಿ ಕಟ್ಟಿಲ್ಲ." ಹೌದು, ಎಷ್ಟೋ ಕಡೆ ಕಟ್ಟಿಲ್ಲ. ಆದ್ರೆ ಕೆಲಸ ಮುಗೀತು ಅಂದಾಗ ನಾವು ಏನು ಮಾಡಿದ್ವಿ? ಒಲೆ ಹಚ್ಚಿದ್ವಿ, ಹತ್ಕಂತು, ಫೋಟೋ ತೆಗೆಸ್ಕಂಡ್ವಿ, ಸಬ್ಸಿಡಿ ಕಾಗದಕ್ಕೆ ಸಹಿ ಹಾಕಿದ್ವಿ. ಒತ್ತಡ ನಿಲ್ಲುತ್ತಾ ಅಂತ 24 ಗಂಟೆ ಪರೀಕ್ಷೆ ಮಾಡಿ ತೋರಿಸು ಅಂತ ಒಬ್ಬರಾದ್ರೂ ಕೇಳಿದ್ವಾ? ಬೋರ್‌ವೆಲ್ ಕೊರೆದವನನ್ನ ಇಂಚು ಎಷ್ಟು ಅಂತ ಅಳಿಸಿ ದುಡ್ಡು ಕೊಡ್ತೀವಿ. ಇಲ್ಲಿ ಯಾಕೆ ಬಿಟ್ವಿ?

ಸರಿ, ಬೈದಿದ್ದು ಸಾಕು. ಹುಡುಕೋದು ಹೆಂಗೆ ಅಂತ ಹೇಳ್ತೀನಿ. ನಾನು ಇಂಜಿನಿಯರ್ ಅಲ್ಲ, ಮಾಡಿ ಕಲಿತಿದ್ದು.

ಎಲ್ಲಕ್ಕಿಂತ ಮೊದಲು, ಬೆಂಕಿ ಕಡ್ಡಿ ಗೀರಿ ಸೋರಿಕೆ ಹುಡುಕಬೇಡಿ. ಎಷ್ಟು ಜನ ಹಿರೀಕರು ಇದನ್ನೇ ಹೇಳಿಕೊಡ್ತಾರೆ, "ಕಡ್ಡಿ ಹಿಡಿ, ಎಲ್ಲಿ ಹತ್ಕಂತದೋ ಅಲ್ಲಿ ತೂತು" ಅಂತ. ಕಡ್ಡಿ ಹಿಡಿದವನ ಮುಖಕ್ಕೇ ಹತ್ಕಂಡಾಗ ತೂತು ಸಿಕ್ಕಿ ಏನು ಪ್ರಯೋಜನ. ನಾತ ಬಂದ್ರೆ ಬಾಗ್ಲು, ಕಿಟಕಿ ತೆಗೀರಿ, ಗುಂಡಿ ಹತ್ರ ಮೇನ್ ವಾಲ್ವು ಮುಚ್ಚಿ, ಲೈಟು ಫ್ಯಾನಿನ ಸ್ವಿಚ್ ಹಾಕೋದೂ ಬೇಡ ಆರಿಸೋದೂ ಬೇಡ.

ಎರಡನೇದು ಸೋಪಿನ ನೀರು. ಬಟ್ಟೆ ಪೌಡರ್ ಆಗಬಹುದು, ಅಂಟುವಾಳ ಕಾಯಿ ನೆನೆಸಿ ಕಿವುಚಿದ ನೊರೆ ನೀರೂ ಚೆನ್ನಾಗಿ ಆಗುತ್ತೆ. ಹಳೇ ಶೇವಿಂಗ್ ಬ್ರಷ್ಷಲ್ಲಿ ಒಂದೊಂದು ಜಾಯಿಂಟಿಗೂ ಸುತ್ತಲೂ ಹಚ್ಚಿ ಒಂದು ನಿಮಿಷ ನೋಡ್ತಾ ಕೂತ್ಕಳಿ. ದೊಡ್ಡ ಸೋರಿಕೆ ಗುಳ್ಳೆ ತಕ್ಷಣ ಏಳುತ್ತೆ, ಸಣ್ಣದು ಸಾಸಿವೆ ಗಾತ್ರದ ನೊರೆ ಗುಪ್ಪೆ ಥರ ನಿಧಾನಕ್ಕೆ ಕಟ್ಟುತ್ತೆ. ಇದನ್ನ ಬೆಳಿಗ್ಗೆ ಒಲೆ ಹಚ್ಚೋ ಮುಂಚೆ ಮಾಡಿ, ಆಗ ಒತ್ತಡ ಜಾಸ್ತಿ ಇರುತ್ತೆ. ಸಂಜೆ ಅಡಿಗೆ ಆದ ಮೇಲೆ ಹಚ್ಚಿ "ಎಲ್ಲೂ ಇಲ್ಲ" ಅನ್ನೋದು ಖಾಲಿ ಟ್ಯೂಬನ್ನ ನೀರಲ್ಲಿ ಮುಳುಗಿಸಿ ಪಂಕ್ಚರ್ ಇಲ್ಲ ಅಂದಂಗೆ. ನೋಡಿ ಆದ ಮೇಲೆ ಬರೀ ನೀರಲ್ಲಿ ತೊಳೀರಿ.

ಮೂರನೇದು ನೀರಿನ ಮಾಪಕ. ಗಾರೆ ಕೆಲಸದವರ ಹತ್ರ ಲೆವೆಲ್ ಪೈಪ್ ಇರುತ್ತಲ್ಲ, ಹನ್ನೆರಡು ಅಡಿ ತಗೊಳಿ. ಐದು ಅಡಿ ಹಲಗೆಗೆ ಯು ಆಕಾರದಲ್ಲಿ ಕಟ್ಟಿ, ಅರ್ಧದವರೆಗೆ ಕುಂಕುಮ ಕಲಸಿದ ನೀರು ಹಾಕಿ. ಒಂದು ತುದಿ ಟೀ ಹಾಕಿ ಗ್ಯಾಸ್ ಲೈನಿಗೆ, ಇನ್ನೊಂದು ತುದಿ ಗಾಳಿಗೆ. ಮನೆ ಹೊರಗಡೆ ಇಡಿ. ಎರಡು ಕಡೆ ನೀರಿನ ಮಟ್ಟದ ವ್ಯತ್ಯಾಸವೇ ನಿಮ್ಮ ಒತ್ತಡ. ದೀನಬಂಧುವಲ್ಲಿ ಗ್ಯಾಸು ತುಂಬಿದಾಗ ಅದು ಒಂದು ಮೀಟರ್ ಹತ್ರಕ್ಕೂ ಹೋಗಬಹುದು.

ಇದರಲ್ಲಿ ಎರಡು ಪರೀಕ್ಷೆ. ಮೊದಲು ಪೈಪಿಂದು. ಲೈನಲ್ಲಿ ಗ್ಯಾಸ್ ತುಂಬಿಸಿ, ಗುಂಡಿ ಹತ್ರದ ಮೇನ್ ವಾಲ್ವನ್ನೂ ಒಲೆ ತಿರುಗಣೆಯನ್ನೂ ಮುಚ್ಚಿ, ಹಲಗೆ ಮೇಲೆ ಗೀಟು ಹಾಕಿ. ಅರ್ಧ ಗಂಟೆ ಬಿಟ್ಟು ನೋಡಿ. ಪೈಪೊಳಗೆ ಹಿಡಿಯೋ ಗ್ಯಾಸು ಸ್ವಲ್ಪಾನೇ, ಅದಕ್ಕೇ ಸಣ್ಣ ಸೋರಿಕೆಗೂ ನೀರು ಬೇಗ ಇಳಿಯುತ್ತೆ. ಬಿಸಿಲು ಬಿದ್ರೆ ಪೈಪು ಕಾದು ಮಟ್ಟ ತಾನಾಗೇ ಏರುತ್ತೆ, ಹಂಗಾಗಿ ಬೆಳಗಿನ ಜಾವವೋ ಮುಸ್ಸಂಜೆಯೋ ಮಾಡಿ. ನೀರು ಅಲ್ಲೇ ನಿಂತ್ರೆ ಪೈಪು ಪಾಸು.

ಆಮೇಲೆ ಗುಮ್ಮಟದ್ದು. ಸಂಜೆ ಅಡಿಗೆ ಮುಗಿದು ಗ್ಯಾಸು ಕಮ್ಮಿ ಆದ ಮೇಲೆ ಮೇನ್ ವಾಲ್ವು ತೆಗೆದಿಟ್ಟು, ಒಲೆ ಮುಚ್ಚಿ, ಗೀಟು ಹಾಕಿ ಮಲಗಿ. ರಾತ್ರಿಯೆಲ್ಲ ಗ್ಯಾಸು ಹುಟ್ತಾ ಇರುತ್ತೆ, ಬೆಳಿಗ್ಗೆಗೆ ಮಟ್ಟ ಏರಿರಲೇಬೇಕು. "ಇಳಿದಿಲ್ಲ, ಅಲ್ಲೇ ಇದೆ, ಅಂದ್ರೆ ಸೋರಿಕೆ ಇಲ್ಲ" ಅಂತ ತಿಳ್ಕಂಡೋರು ನಾನೂ ಸೇರಿ ಬಹಳ ಜನ. ಪೈಪು ಪಾಸಾಗಿ, ದಿನಾ ಸಗಣಿ ಬೀಳ್ತಾ ಇದ್ದೂ ಅಲ್ಲೇ ನಿಂತಿದೆ ಅಂದ್ರೆ ಹುಟ್ಟಿದಷ್ಟೂ ಸೋರ್ತಾ ಇದೆ ಅಂತ. ಆಗ ಗುಮ್ಮಟದ ಮೇಲಿನ ಮಣ್ಣು ಸರಿಸಿ, ಕತ್ತಿನ ಸುತ್ತ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಎಲ್ಲಿ ಗುಳ್ಳೆ ಏಳುತ್ತೋ ಅಲ್ಲೇ ಬಿರುಕು. ಬಗ್ಗಡ ಹೊರಗೆ ಬರೋ ತೊಟ್ಟೀಲಿ ಯಾವಾಗಾದ್ರೂ ಗುಳುಗುಳು ಅಂದ್ರೆ ಹೆದರಬೇಡಿ, ಅದು ಗ್ಯಾಸು ಹೆಚ್ಚಾಗಿ ಹೊರಗೆ ಬರೋದು, ಬಳಸಿ ಅಂತ ಹೇಳ್ತಾ ಇದೆ.

ಎಲ್ಲೆಲ್ಲಿ ನೋಡಬೇಕು ಅಂದ್ರೆ, ನಾನು ಸ್ನೇಹಿತರ ಮನೆಗಳಲ್ಲಿ ನೋಡಿದ ಅನುಭವದ ಮೇಲೆ ಹೇಳ್ತೀನಿ. ಗುಮ್ಮಟಕ್ಕೆ ಕಬ್ಬಿಣದ ಪೈಪು ಸೇರೋ ಜಾಗ. ಮೇನ್ ವಾಲ್ವಿನ ಕಡ್ಡಿ. ನೀರು ಇಳಿಸೋ ಟ್ರ್ಯಾಪು, ಇದನ್ನ ಯಾರೂ ನೋಡಲ್ಲ. ಪೈಪಲ್ಲಿ ತೇವ ಸೇರಿದ ನೀರು ಇಳಿಯೋಕೆ ಯು ಪೈಪಿಟ್ಟು ನೀರು ತುಂಬಿಸಿರ್ತಾರೆ, ಬೇಸಿಗೇಲಿ ಆ ನೀರು ಒಣಗಿದ್ರೆ ಗ್ಯಾಸಿಗೆ ಅದೇ ಹೆದ್ದಾರಿ. ರಬ್ಬರ್ ಟ್ಯೂಬಿನ ಎರಡು ತುದಿ, ಮಧ್ಯ ಇಲಿ ಕಚ್ಚಿದ ಜಾಗ. ಬಿಸಿಲಿಗೆ ಬಿದ್ದು ಬಿರಿದ ಪಿವಿಸಿ. ಕಾಯಿ ಬಿದ್ದು ಒಡೆದ ಎಲ್ಬೋ. ಒಲೆ ತಿರುಗಣೆ. ಉರಿ ಪಟಪಟ ಅಂತ ಕುಣೀತಾ ಇದ್ರೆ ಅದು ಸೋರಿಕೆಯಲ್ಲ, ಪೈಪಲ್ಲಿ ನೀರು ನಿಂತಿದೆ, ಟ್ರ್ಯಾಪ್ ತೆಗೆದು ಇಳಿಸಿ.

ಕಟ್ಟೋದು ಹೆಂಗೆ? ಸೈಕಲ್ ಟ್ಯೂಬ್ ಸುತ್ತೋದು, ಎಮ್ ಸೀಲ್ ಮೆತ್ತೋದು, ಗೋಣಿ ದಾರ ಬಿಗಿಯೋದು, ಇವೆಲ್ಲ ಒಂದು ವಾರದ ಆಟ. ಸೀಳಿದ ತುಂಡು ಕತ್ತರಿಸಿ ತೆಗೆದು ಸರಿಯಾದ ಜಾಯಿಂಟ್ ಹಾಕಿ. ಥ್ರೆಡ್ ಇರೋ ಕಡೆ ಹಳೇ ಸೆಣಬು ಕೆತ್ತಿ ತೆಗೆದು, ಟೆಫ್ಲಾನ್ ಟೇಪನ್ನ ಥ್ರೆಡ್ ತಿರುಗೋ ದಿಕ್ಕಿಗೇ ಸುತ್ತಿ. ಉಲ್ಟಾ ಸುತ್ತಿದ್ರೆ ಬಿಗಿ ಮಾಡೋವಾಗ ಬಿಚ್ಕಂತದೆ. ವಾಲ್ವಿನ ಕಡ್ಡಿ ಪಕ್ಕ ಸೋರಿದ್ರೆ ಮೊದಲು ಅದರ ನಟ್ ಕಾಲು ಸುತ್ತು ಬಿಗಿ ಮಾಡಿ ನೋಡಿ, ನಿಲ್ಲದಿದ್ರೆ ವಾಲ್ವೇ ಬದಲಾಯಿಸಿ. ಹೈಡ್ರೋಜನ್ ಸಲ್ಫೈಡ್ ಹಿತ್ತಾಳೆ, ಕಬ್ಬಿಣ ಎರಡನ್ನೂ ತಿನ್ನುತ್ತೆ, ಆದ್ದರಿಂದ ಅಗ್ಗದ ಹಿತ್ತಾಳೆ ವಾಲ್ವು ತರಬೇಡಿ, ಸ್ಟೀಲ್ ಅಥವಾ ಒಳ್ಳೆ ಪ್ಲಾಸ್ಟಿಕ್ ಬಾಲ್ ವಾಲ್ವು ತನ್ನಿ. ಕತ್ತಿನ ಕೂದಲೆಳೆ ಬಿರುಕಿಗೆ, ಗ್ಯಾಸು ಪೂರ್ತಿ ಇಳಿಸಿ, ಸುತ್ತ ಕೆತ್ತಿ, ಹೊಸ ಸಿಮೆಂಟ್ ಗಾರೆ ತುಂಬಿ ಒಂದು ವಾರ ನೀರು ಕಟ್ಟಿ. ಆಮೇಲೆ ಮೇಲೆ ಮಣ್ಣು ಮುಚ್ಚಿ, ಆ ಮಣ್ಣು ಒಣಗಿ ಬಿರಿಯೋಕೆ ಬಿಡಬೇಡಿ. ಕಬ್ಬಿಣದ ಡ್ರಮ್ಮು ತೇಲೋ ಹಳೇ ಮಾದರಿ ಇರೋರು ಪ್ರತಿ ವರ್ಷ ಮುಂಗಾರಿಗೆ ಮುಂಚೆ ತುಕ್ಕು ಉಜ್ಜಿ ಬಣ್ಣ ಹೊಡೀಲೇಬೇಕು. ತೂತಾಗಿದ್ರೆ ಡ್ರಮ್ಮನ್ನ ಎತ್ತಿ ಹೊರಗಿಟ್ಟು, ತೊಳೆದು, ಗಾಳಿಗೆ ಬಿಟ್ಟ ಮೇಲೇನೇ ವೆಲ್ಡಿಂಗ್. ಗ್ಯಾಸ್ ಇರೋ ಡ್ರಮ್ಮಿಗೆ ವೆಲ್ಡಿಂಗ್ ಮಾಡೋದು ಬಾಂಬಿಗೆ ಬತ್ತಿ ಇಟ್ಟಂಗೆ. ಸರಿ ಮಾಡಿದ ಮೇಲೆ ಮತ್ತೆ ಅದೇ ಪರೀಕ್ಷೆ, ಮಾಪಕ ಪಾಸ್ ಅನ್ನೋವರೆಗೂ.

ಇನ್ನೊಂದು ಮಾತು, ಇದನ್ನ ಎರಡು ಸಲ ಓದಿ. ಬಿರುಕು ಒಳಗಡೆ ಇದೆ ಅಂತ ಯಾರೂ ಗುಂಡಿಗೆ ಇಳೀಬೇಡಿ. ಬಗ್ಗಡ ಖಾಲಿ ಮಾಡಿದ ಮೇಲೂ ಒಳಗೆ ಗ್ಯಾಸು ಇರುತ್ತೆ, ಆಮ್ಲಜನಕ ಇರಲ್ಲ. ಹೈಡ್ರೋಜನ್ ಸಲ್ಫೈಡ್ ಜಾಸ್ತಿ ಇದ್ರೆ ಮೊದಲು ಕೊಲ್ಲೋದು ಮೂಗಿನ ಶಕ್ತೀನ, ನಾತಾನೇ ಗೊತ್ತಾಗಲ್ಲ. "ಈಗ ವಾಸನೆ ಇಲ್ಲ" ಅಂತ ಇಳಿದೋರು ಮೇಲೆ ಬಂದಿಲ್ಲ, ಅವರನ್ನ ಎತ್ತೋಕೆ ಇಳಿದೋರೂ ಬಂದಿಲ್ಲ. ಇಂಥ ಸುದ್ದಿ ಪೇಪರಲ್ಲಿ ಎಷ್ಟು ಸಲ ಓದಿದೀವಿ. ಒಳಗಿನ ಗಿಲಾವು ಮಾಡಲೇಬೇಕು ಅಂದ್ರೆ ಅನುಭವ ಇರೋರನ್ನ ಕರೆಸಿ. ಎರಡೂ ಬಾಯಿ ತೆಗೆದು ದಿನಗಟ್ಟಲೆ ಗಾಳಿ ಆಡಬೇಕು, ಬ್ಲೋವರಲ್ಲಿ ಗಾಳಿ ಊದಬೇಕು, ಇಳಿದವನ ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು ಆಳು. ಗಾಳಿ ಅಳೆಯೋ ಉಪಕರಣ ಇಲ್ಲ ಅಂದ್ರೆ ಇಳಿಯೋದೇ ಬೇಡ. ಒಂದು ಗುಂಡಿ ಹೋದ್ರೆ ಹೋಗ್ಲಿ, ಜೀವ ಹೋಗೋದು ಬೇಡ. ಇದೊಂದು ಕಡೆ ಮಾತ್ರ ಮಣ್ಣು ಮುಚ್ಚಿದವರನ್ನ ನಾನು ಬೈಯಲ್ಲ.

ಸಿಲಿಂಡರ್ ಇರೋರು "ನಮಗಲ್ಲ ಇದು" ಅನ್ಕಬೇಡಿ. ಗೋಬರ್ ಗ್ಯಾಸು ಗಾಳಿಗಿಂತ ಹಗುರ, ಹೆಚ್ಚಾಗಿ ಮೇಲಕ್ಕೆ ಹೋಗುತ್ತೆ, ಅಟ್ಟದ ಕೆಳಗೆ ನಿಲ್ಲುತ್ತೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ನೀರಿನ ಥರ ಹರಡುತ್ತೆ, ಮೇಲಿನ ಕಿಟಕಿ ತೆಗೆದ್ರೆ ಸಾಲದು, ಬಾಗ್ಲು ತೆಗೀಬೇಕು. ಸಿಲಿಂಡರ್ ಬಾಯೊಳಗಿನ ರಬ್ಬರ್ ರಿಂಗು, ಟ್ಯೂಬು, ರೆಗ್ಯುಲೇಟರ್, ಇವಕ್ಕೂ ಅದೇ ಸೋಪಿನ ನೀರು. ಟ್ಯೂಬಿನ ಮೇಲೇ ವರ್ಷ ಅಚ್ಚಾಗಿರುತ್ತೆ, ಓದಿ ನೋಡಿ. ಸೋರಿದ್ರೆ 1906ಕ್ಕೆ ಫೋನ್ ಮಾಡಿ, ದಿನದ 24 ಗಂಟೆಯೂ ಇರುತ್ತೆ.

ಕೊನೇದಾಗಿ ನನ್ನ ನಿಜವಾದ ಜಗಳ ಯಾರ ಮೇಲೆ ಅಂತ ಹೇಳಿ ಮುಗಿಸ್ತೀನಿ. ಗುಂಡಿ ಕಟ್ಟೋಕೆ ಸಹಾಯಧನ ಇದೆ, ಎಷ್ಟು ಕಟ್ಟಿದ್ವಿ ಅಂತ ಲೆಕ್ಕ ಇದೆ. ಎಷ್ಟು ಉರೀತಾ ಇದಾವೆ ಅಂತ ನಮ್ಮೂರಿಗೆ ಬಂದು ಕೇಳಿದೋರನ್ನ ನಾನು ನೋಡಿಲ್ಲ. ಒಂದು ಪಂಚಾಯ್ತಿಗೆ ಒಬ್ಬ ಹುಡುಗನಿಗೆ ಸೋಪು ಬ್ರಷ್ಷು, ಲೆವೆಲ್ ಪೈಪು, ಎರಡು ಸ್ಪ್ಯಾನರ್ ಕೊಟ್ಟು ವರ್ಷಕ್ಕೊಂದು ಸಲ ಮನೆ ಮನೆ ಸುತ್ತಿಸಿದ್ರೆ ಹೊಸ ಗುಂಡಿ ಕಟ್ಟೋ ದುಡ್ಡಲ್ಲಿ ಎಷ್ಟೋ ಹಳೇವು ಉಳೀತವೆ. ಗ್ರಾಮ ಸಭೇಲಿ ಇದನ್ನ ಕೇಳಿ, ನಾನಂತೂ ಕೇಳ್ತೀನಿ. ಹೊಸದಾಗಿ ಕಟ್ಟಿಸೋರು ಕೊನೇ ಕಂತಿನ ದುಡ್ಡನ್ನ ಮೇಸ್ತ್ರಿ ಒತ್ತಡದ ಪರೀಕ್ಷೆ ಮಾಡಿ ತೋರಿಸೋವರೆಗೂ ಕೈಯಲ್ಲೇ ಇಟ್ಕಳಿ.

ಆದ್ರೆ ಅದಕ್ಕಿಂತ ದೊಡ್ಡ ಜಗಳ ನಮ್ಮಂಥ ಗಂಡಸರ ಮೇಲೆ. ಗುಂಡಿ ನಮ್ಮ ಹೆಸರಲ್ಲಿ, ಸಬ್ಸಿಡಿ ನಮ್ಮ ಖಾತೆಗೆ, ಮೇಸ್ತ್ರಿ ಹತ್ರ ಮಾತಾಡೋದು ನಾವು. ದಿನಾ ಒಲೆ ಮುಂದೆ ನಿಲ್ಲೋದು ಅವ್ವ, ಹೆಂಡ್ತಿ, ಸೊಸೆ. ಉರಿ ಸಣ್ಣ ಆಗಿದ್ದು, ನಾತ ಬಂದಿದ್ದು, ತಿರುಗಣೆ ಸಡಿಲ ಆಗಿದ್ದು, ಎಲ್ಲಾ ಮೊದಲು ಗೊತ್ತಾಗೋದು ಅವರಿಗೆ. ಅವರು ಹೇಳಿದ್ದನ್ನ ಎರಡು ತಿಂಗಳು ತಮಾಷೆ ಮಾಡಿದ್ದಕ್ಕೆ ಬೆಲೆ ನಾನು ಕೊಡಲಿಲ್ಲ, ನಮ್ಮವ್ವನ ಕೈ ಕೊಡ್ತು. ಈಗ ನಮ್ಮನೇಲಿ ಸೋಪು ಬ್ರಷ್ಷು ಅವಳ ಹತ್ರಾನೇ ಇರೋದು. ಅಮಾವಾಸ್ಯೆಗೊಂದು ಸಲ ತಾನೇ ಹಚ್ಚಿ ನೋಡ್ತಾಳೆ, ಗುಳ್ಳೆ ಕಂಡ್ರೆ ನನ್ನನ್ನ ಕೂಗ್ತಾಳೆ. ಹಾಲು ಕರೆಯೋದು ಬಿಟ್ಟಾದ್ರೂ ಸರಿ, ಎದ್ದು ಹೋಗ್ತೀನಿ.

ಗುಂಡಿ ಮುಚ್ಚೋಕೆ ಟ್ರ್ಯಾಕ್ಟರ್ ಹೇಳಿರೋರು ಯಾರಾದ್ರೂ ಇದ್ರೆ ಒಂದು ದಿನ ತಡೀರಿ. ನಾಳೆ ಬೆಳಿಗ್ಗೆ ಒಲೆ ಹಚ್ಚೋ ಮುಂಚೆ ಒಂದು ಚೊಂಬು ಸೋಪಿನ ನೀರು ಹಚ್ಚಿ ನೋಡಿ. ಗುಳ್ಳೆ ಎಲ್ಲಿ ಬಂತು ಅಂತ ಕೆಳಗೆ ಬರೀರಿ. ಗುಬ್ಬಿ, ಕುಣಿಗಲ್, ಹೆಬ್ಬೂರು ಕಡೆಯವರಾದ್ರೆ ಬಿಡುವಾದಾಗ ನಾನೇ ಹಲಗೆ, ಪೈಪು ಹಿಡ್ಕಂಡು ಬರ್ತೀನಿ, ಕಾಫಿ ಮಾತ್ರ ಗೋಬರ್ ಗ್ಯಾಸಲ್ಲೇ ಕಾಯಿಸಿ ಕೊಡಬೇಕು.